ಬ್ರೇಕಿನ ತಟ್ಟೆ ಬದಲಿಸುವ ಮುನ್ನ

ಪರದೇಶಕ್ಕೆ ಬಂದ ನಮ್ಮವರ ನಿಘಂಟಿನಲ್ಲಿ ‘ಅಪ್‌ಗ್ರೇಡ್’ ಎಂಬ ಶಬ್ದಕ್ಕೆ ವಿಶೇಷ ಸ್ಥಾನವಿದೆ. ಫೋನು, ಕಾರು, ಬಾಡಿಗೆಯ ಮನೆ ಎಲ್ಲವೂ ಒಂದಲ್ಲ ಒಂದು ದಿನ ಮೇಲಿನ ದರ್ಜೆಗೆ ಏರಲೇಬೇಕು. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಸೈಕಲ್ಲೂ ಸೇರಿಕೊಂಡಿದೆ. ಹಗುರವಾದ ಚಕ್ರ, ಕಾರ್ಬನ್ ಹ್ಯಾಂಡಲ್, ವೇಗವನ್ನು ಅಳೆಯುವ ಪುಟ್ಟ ಕಂಪ್ಯೂಟರ್ ಇವುಗಳಿಗೆ ನೂರಾರು ಪೌಂಡು ತೆರುವವರನ್ನು ನಾನು ಬಲ್ಲೆ. ಸೈಕಲ್ಲು ಓಡಲು ಬೇಕಾದುದಕ್ಕೆಲ್ಲ ಹಣ ಕೊಡುವ ಇವರಲ್ಲಿ, ಅದು ನಿಲ್ಲಲು ಬೇಕಾದುದರ ಬಗ್ಗೆ ಯೋಚಿಸುವವರು ವಿರಳ. ಯೋಚಿಸುವವರಲ್ಲಿಯೂ ಹಲವರು, ಹೊಳೆಯುವ ದುಬಾರಿ ಡಿಸ್ಕ್ ತಟ್ಟೆಯೊಂದನ್ನು ತಂದು ಜೋಡಿಸಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ.

ನನ್ನ ಅಭಿಪ್ರಾಯ ಇವೆರಡಕ್ಕೂ ವಿರುದ್ಧವಾದುದು. ಗುಡ್ಡಗಳ ಊರಿನಲ್ಲಿ, ಮಳೆಯಲ್ಲಿ, ಭಾರ ಹೊತ್ತು ಸಾಗುವ ಸವಾರನಿಗೆ ಮುಂದಿನ ಚಕ್ರದ ಡಿಸ್ಕ್ ತಟ್ಟೆಯನ್ನು, ಅಂದರೆ ರೋಟರನ್ನು, ಒಂದು ಅಳತೆ ದೊಡ್ಡದು ಮಾಡಿಸಿಕೊಳ್ಳುವುದು ಅತ್ಯಂತ ವಿವೇಕದ ಖರ್ಚುಗಳಲ್ಲೊಂದು. ಆದರೆ ಐದು ಅಗ್ಗದ ತಪಾಸಣೆಗಳು ಮುಗಿದ ಮೇಲೆ ಮಾತ್ರ ಆ ಖರ್ಚಿಗೆ ಅರ್ಥ ಬರುತ್ತದೆ. ವೈದ್ಯನಾದವನಿಗೆ ಈ ಕ್ರಮ ಸಹಜವಾಗಿಯೇ ತೋರುತ್ತದೆ. ರೋಗ ಯಾವುದೆಂದು ತಿಳಿಯುವ ಮೊದಲೇ ಔಷಧಿಯ ಪ್ರಮಾಣ ಹೆಚ್ಚಿಸುವುದನ್ನು ಯಾವ ಶಾಸ್ತ್ರವೂ ಒಪ್ಪುವುದಿಲ್ಲ.

ನಾನು ವಾಸಿಸುವುದು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ. ರೋಮ್‌ನಂತೆ ಏಳು ಗುಡ್ಡಗಳ ಮೇಲೆ ಕಟ್ಟಿದ ಊರೆಂದು ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2014ರಲ್ಲಿ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಎರಡನೆಯ ಹಂತ ಯಾರ್ಕ್ ನಗರದಿಂದ ಹೊರಟು ಇಲ್ಲಿ ಮುಗಿದಾಗ, ಸ್ಪರ್ಧಿಗಳು ಕೊನೆಯಲ್ಲಿ ಹತ್ತಿದ್ದು ಜೆಂಕಿನ್ ರಸ್ತೆಯನ್ನು. ಅದರ ಅತ್ಯಂತ ಕಡಿದಾದ ತುಣುಕಿನಲ್ಲಿ ಮೂರಡಿ ಮುಂದೆ ಸರಿದರೆ ಸುಮಾರು ಒಂದಡಿ ಮೇಲೇರಬೇಕು. ಸ್ಪರ್ಧಿಗಳು ಆ ರಸ್ತೆಯನ್ನು ಹತ್ತಿದರು. ಇಲ್ಲಿ ನೆಲೆಸಿದವರು ಅಂಥ ರಸ್ತೆಗಳನ್ನು ದಿನವೂ ಇಳಿಯಬೇಕು. ವಿಶ್ವವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿಗಳು, ಪಾಳಿಯ ಕೆಲಸಕ್ಕೆ ಧಾವಿಸುವ ನರ್ಸುಗಳು, ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗರು ಚಳಿಗಾಲದ ಕತ್ತಲಲ್ಲಿ, ಒದ್ದೆ ರಸ್ತೆಯಲ್ಲಿ, ಕೊಳೆತ ಎಲೆಗಳ ಮೇಲೆ ಇಳಿಯುತ್ತಾರೆ. ಇವರಲ್ಲಿ ಕನ್ನಡ ಮಾತನಾಡುವವರ ಸಂಖ್ಯೆ ಈಗ ಸಣ್ಣದಲ್ಲ.

ನಮ್ಮ ಕಾಲದ ಕರ್ನಾಟಕದಲ್ಲಿ ಸೈಕಲ್ಲಿನ ಬ್ರೇಕೆಂದರೆ ಕಂಬಿಯ ಬ್ರೇಕು. ಹಿಡಿಯನ್ನು ಅದುಮಿದರೆ ಕಬ್ಬಿಣದ ಕಂಬಿಗಳು ಎಳೆದುಕೊಂಡು, ರಬ್ಬರಿನ ತುಂಡುಗಳು ಚಕ್ರದ ರಿಮ್ಮಿಗೆ ಒತ್ತುತ್ತಿದ್ದವು. ಮಳೆಗಾಲದಲ್ಲಿ ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಆ ರಬ್ಬರು ಜಾರುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ಕೊನೆಗೆ ನಿಲ್ಲಿಸುತ್ತಿದ್ದುದು ಕಾಲಿನ ಚಪ್ಪಲಿ. ಡಿಸ್ಕ್ ಬ್ರೇಕು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು. ನೀರು, ಕೆಸರುಗಳಿಂದ ದೂರವಾಗಿ, ಚಕ್ರದ ನಡುವಿನ ಹಬ್ಬಿಗೆ ತೆಳುವಾದ ಉಕ್ಕಿನ ತಟ್ಟೆಯೊಂದನ್ನು ಜೋಡಿಸಿ, ಅದನ್ನು ಎರಡು ಪ್ಯಾಡುಗಳ ನಡುವೆ ಹಿಸುಕುವುದು ಅದರ ಉಪಾಯ. ಮೋಟಾರು ವಾಹನಗಳಿಗಾಗಿ ಡಿಸ್ಕ್ ಬ್ರೇಕಿನ ಪೇಟೆಂಟನ್ನು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪಡೆದದ್ದು 1902ರಲ್ಲಿ. ತಟ್ಟೆಗೆ ಬಳಸುವ ತುಕ್ಕು ಹಿಡಿಯದ ಉಕ್ಕಿನ ಚರಿತ್ರೆಗಂತೂ ನಮ್ಮೂರಿನದೇ ನಂಟು. 1913ರಲ್ಲಿ ಹ್ಯಾರಿ ಬ್ರೆಯರ್ಲಿ ಎಂಬ ಲೋಹತಜ್ಞ ಕ್ರೋಮಿಯಂ ಬೆರೆಸಿದ ಇಂಥ ಉಕ್ಕನ್ನು ಎರಕ ಹೊಯ್ದದ್ದು ಈ ಶೆಫೀಲ್ಡಿನಲ್ಲೇ.

ಬ್ರೇಕು ಮಾಡುವ ಕೆಲಸವೇನು? ಚಲನೆಯ ಶಕ್ತಿಯನ್ನು ಶಾಖವಾಗಿ ಪರಿವರ್ತಿಸಿ ಗಾಳಿಗೆ ಬಿಡುವುದು. ಸವಾರ, ಬೆನ್ನಿನ ಚೀಲ, ಸೈಕಲ್ಲು ಎಲ್ಲ ಸೇರಿ 90 ಕಿಲೋ ತೂಕವಿದೆ ಎನ್ನೋಣ. ನೂರು ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 88 ಕಿಲೋಜೌಲ್. ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು. ವೇಗವಾಗಿ ಇಳಿಯುವಾಗ ಅದರಲ್ಲಿ ದೊಡ್ಡ ಪಾಲನ್ನು ಎದುರುಗಾಳಿ ನುಂಗುತ್ತದೆ. ಆದರೆ ವಾಹನಗಳ ನಡುವೆ ನಿಧಾನವಾಗಿ, ಬ್ರೇಕು ಹಿಡಿದೇ ಇಳಿಯುವವನ ವಿಷಯದಲ್ಲಿ ಬಹುಪಾಲು ಶಾಖವನ್ನು ಹೊರಬೇಕಾದವು ಅಂಗೈಯಗಲದ ಎರಡು ತಟ್ಟೆಗಳು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವ ಲಾರಿಯ ಚಾಲಕ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯನ್ನು ಆಶ್ರಯಿಸುತ್ತಾನೆ. ಸೈಕಲ್ ಸವಾರನಿಗೆ ಆ ಆಸರೆಯಿಲ್ಲ. ಅವನು ಗೇರು ಇಳಿಸಿದರೆ ಕಾಲು ಹಗುರಾಗುತ್ತದೆ ಅಷ್ಟೆ, ವೇಗ ತಗ್ಗುವುದಿಲ್ಲ. ಉದ್ದನೆಯ ಇಳಿಜಾರಿನ ಕೊನೆಯಲ್ಲಿ ರೋಟರು ಕಾದ ಕಾವಲಿಯಂತಿರುತ್ತದೆ. ಅದನ್ನು ಬೆರಳಿನಿಂದ ಮುಟ್ಟಿ ನೋಡುವ ಕುತೂಹಲ ಯಾರಿಗೂ ಬೇಡ.

ಈಗ ಅಳತೆಯ ಮಾತು. ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಟರುಗಳ ವ್ಯಾಸ 140, 160, 180 ಹಾಗೂ 203 ಮಿಲಿಮೀಟರ್. ಊರೊಳಗೆ ಓಡಿಸುವ ಬಹಳಷ್ಟು ಸೈಕಲ್ಲುಗಳಿಗೆ 160ರದು ಬಂದಿರುತ್ತದೆ. ಅದನ್ನು 180ಕ್ಕೆ ಏರಿಸಿದರೆ, ಬೆರಳಿನ ಅದೇ ಒತ್ತಡಕ್ಕೆ ಚಕ್ರವನ್ನು ತಡೆಯುವ ತಿರುಚುಬಲ ಎಂಟರಲ್ಲಿ ಒಂದು ಪಾಲಿನಷ್ಟು, ಅಂದರೆ ಶೇಕಡಾ 12ರಿಂದ 13ರಷ್ಟು ಹೆಚ್ಚುತ್ತದೆ. ಉದ್ದನೆಯ ಹಾರೆಯಿಂದ ಕಲ್ಲೆಬ್ಬಿಸುವುದು ಸುಲಭವಾಗುವ ಲೆಕ್ಕವೇ ಇದು. ಜೊತೆಗೆ, ಹೆಚ್ಚು ಲೋಹವಿರುವುದರಿಂದ ತಟ್ಟೆ ನಿಧಾನವಾಗಿ ಬಿಸಿಯಾಗುತ್ತದೆ. ಹೆಚ್ಚು ಮೈಯಿರುವುದರಿಂದ ಬೇಗ ತಣಿಯುತ್ತದೆ. ಇದಕ್ಕೆ ತೆರುವ ಬೆಲೆ ಕೆಲವು ಹತ್ತು ಗ್ರಾಂ ತೂಕ. ದೇಹತೂಕ ಹೆಚ್ಚಿರುವವನಿಗೆ, ಹಿಂದಿನ ಆಸನದಲ್ಲಿ ಮಗುವನ್ನು ಕೂರಿಸಿಕೊಳ್ಳುವವಳಿಗೆ, ಬ್ಯಾಟರಿಯ ಭಾರ ಹೊತ್ತ ಇ-ಬೈಕಿನಲ್ಲಿ ಪೊಟ್ಟಣ ಸಾಗಿಸುವವನಿಗೆ ಈ ಬೆಲೆ ಏನೂ ಅಲ್ಲ.

ದೊಡ್ಡ ರೋಟರಿನಿಂದ ಆಗದ ಕೆಲಸವನ್ನೂ ಹೇಳಬೇಕು. ಸೈಕಲ್ಲನ್ನು ಕೊನೆಗೆ ನಿಲ್ಲಿಸುವುದು ರಸ್ತೆಯ ಮೇಲೆ ಟೈರಿನ ಹಿಡಿತ. ಎಲೆ ಕೊಳೆತ ಒದ್ದೆ ರಸ್ತೆಯಲ್ಲಿ ಟೈರು ಜಾರತೊಡಗಿದ ಮೇಲೆ ರೋಟರು ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಹಾಗೆಯೇ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುವವನು, ಅಪಾಯ ಕಂಡು ಬೆರಳು ಆಡಿಸಲು ಒಂದು ಸೆಕೆಂಡು ತೆಗೆದುಕೊಂಡರೆ, ಅಷ್ಟರಲ್ಲಿ ಎಂಟು ಮೀಟರ್ ದೂರ ಕ್ರಮಿಸಿರುತ್ತಾನೆ. ಆ ಎಂಟು ಮೀಟರುಗಳನ್ನು ಯಾವ ಕಂಪನಿಯ ರೋಟರೂ ಮರಳಿಸಿಕೊಡದು. ವೇಗ ಎರಡು ಪಟ್ಟಾದರೆ ಬ್ರೇಕು ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಪಿಯುಸಿಯ ಭೌತಶಾಸ್ತ್ರದ ಪಾಠ ಇಳಿಜಾರಿನಲ್ಲಿ ನೆನಪಿಗೆ ಬಂದರೆ ಒಳ್ಳೆಯದು.

ಕಳೆದ ಚಳಿಗಾಲದಲ್ಲಿ ಹಾಸನದ ಕಡೆಯ ವಿದ್ಯಾರ್ಥಿಯೊಬ್ಬ ತಾನು ಕೊಂಡಿದ್ದ ಹಳೆಯ ಸೈಕಲ್ಲನ್ನು ತೋರಿಸಲು ನಮ್ಮ ಮನೆಗೆ ಬಂದಿದ್ದ. “ಬ್ರೇಕ್ ಹಿಡಿಯೋದೇ ಇಲ್ಲ ಸರ್, ಬರೀ ಕೂಗುತ್ತೆ. ದೊಡ್ಡ ರೋಟರ್ ಹಾಕಿಸಿಬಿಡ್ತೀನಿ” ಎಂದ. ಅಷ್ಟರಲ್ಲಿ ಊರಿನಿಂದ ಅವನ ತಾಯಿಯ ಕರೆ ಬಂತು. ಫೋನನ್ನು ನನ್ನ ಕೈಗಿತ್ತ. “ಡಾಕ್ಟ್ರೇ, ಅವನು ಸೈಕಲ್ಲಿಗೆ ಅಂತ ಐದಾರು ಸಾವಿರ ಕೇಳ್ತಿದಾನೆ, ಅಷ್ಟೊಂದು ಬೇಕಾಗುತ್ತಾ? ನೀವೇ ಸ್ವಲ್ಪ ನೋಡಿ ಹೇಳಿ” ಎಂದರು. ನೋಡಿದೆವು. ಸರಪಳಿಗೆ ಸಿಂಪಡಿಸಿದ ಎಣ್ಣೆ ರೋಟರಿನ ಮೇಲೂ ಬಿದ್ದಿತ್ತು. ಪ್ಯಾಡುಗಳು ಅದನ್ನು ಹೀರಿಕೊಂಡು ಹೊಳೆಯುತ್ತಿದ್ದವು. ಹೊಸ ಪ್ಯಾಡು ಹಾಕಿ, ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ಬ್ರೇಕು ಸರಿಹೋಯಿತು. ತಾಯಿಯ ಐದಾರು ಸಾವಿರ ಉಳಿಯಿತು. ಆ ಎಣ್ಣೆ ಕುಡಿದ ಪ್ಯಾಡುಗಳನ್ನೇ ಉಳಿಸಿಕೊಂಡು ದೊಡ್ಡ ರೋಟರು ಹಾಕಿದ್ದರೆ, ಹೊಸ ರೋಟರೂ ಅದೇ ದಿನ ಕೆಡುತ್ತಿತ್ತು.

ಆದ್ದರಿಂದ ಮೊದಲು ಮಾಡಬೇಕಾದ ಐದು ತಪಾಸಣೆಗಳು ಇವು. ಒಂದು, ಪ್ಯಾಡಿನ ದಪ್ಪ. ಲೋಹದ ಬೆನ್ನಿನ ಮೇಲೆ ಉಳಿದಿರುವ ಘರ್ಷಣೆಯ ಪದರ ಅರ್ಧ ಮಿಲಿಮೀಟರಿಗೆ ಇಳಿದರೆ ಅದರ ಆಯುಷ್ಯ ಮುಗಿಯಿತು. ಎರಡು, ಎಣ್ಣೆಯ ಸೋಂಕು. ಕೂಗು ಮತ್ತು ಹಿಡಿತವಿಲ್ಲದಿರುವಿಕೆ ಒಟ್ಟಿಗೆ ಕಂಡರೆ ಮೊದಲು ಸಂಶಯಿಸಬೇಕಾದದ್ದು ಇದನ್ನು. ಮೂರು, ಈಗಿರುವ ರೋಟರಿನ ದಪ್ಪ ಮತ್ತು ನೇರ. ಶಿಮಾನೊ ಕಂಪನಿಯ ರೋಟರು ಹೊಸತಾಗಿದ್ದಾಗ 1.8 ಮಿಲಿಮೀಟರ್ ಇರುತ್ತದೆ, 1.5ಕ್ಕೆ ಸವೆದರೆ ಬದಲಿಸಬೇಕೆಂದು ಅದರ ಮೇಲೆಯೇ ಕೆತ್ತಿರುತ್ತಾರೆ. ನಾಲ್ಕು, ಬ್ರೇಕಿನ ಹಿಡಿ. ಅದು ಹ್ಯಾಂಡಲಿಗೆ ತಾಗುವವರೆಗೆ ಮೆತ್ತಗೆ ಬರುತ್ತಿದ್ದರೆ, ದ್ರವದ ಬ್ರೇಕಿನಲ್ಲಿ ಗಾಳಿ ಸೇರಿರಬಹುದು. ತಂತಿಯ ಬ್ರೇಕಿನಲ್ಲಿ ತಂತಿ ಸಡಿಲಗೊಂಡಿರಬಹುದು ಅಥವಾ ಪ್ಯಾಡು ಸವೆದು ದೂರ ಸರಿದಿರಬಹುದು. ಐದು, ಟೈರು. ನುಣುಪಾದ, ಬಿರುಕು ಬಿಟ್ಟ ಟೈರಿನ ಮೇಲೆ ಬ್ರೇಕಿಗೆ ಹಣ ಸುರಿಯುವುದು ವ್ಯರ್ಥ. ಇಷ್ಟೂ ಸರಿಯಿದ್ದು, ಇಳಿಜಾರಿನಲ್ಲಿ ಬೆರಳು ಸೋಲುವಷ್ಟು ಅದುಮಬೇಕಾಗುತ್ತಿದ್ದರೆ ಅಥವಾ ಕೆಳಗೆ ತಲುಪುವಷ್ಟರಲ್ಲಿ ಬ್ರೇಕಿನ ಹಿಡಿತ ಕುಗ್ಗುತ್ತಿದ್ದರೆ, ಆಗ ದೊಡ್ಡ ರೋಟರಿನ ವಿಚಾರಕ್ಕೆ ಬರಬಹುದು.

ಬಂದ ಮೇಲೆಯೂ ಕೆಲವು ನಿಯಮಗಳಿವೆ. ಸೈಕಲ್ಲಿನ ಮುಂಗವೆಗೆ, ಅಂದರೆ ಫೋರ್ಕಿಗೆ, ಎಷ್ಟು ದೊಡ್ಡ ರೋಟರು ಹಾಕಬಹುದೆಂಬ ಮಿತಿಯನ್ನು ತಯಾರಕರು ನಿಗದಿಪಡಿಸಿರುತ್ತಾರೆ. ಅನೇಕ ರೋಡ್ ಬೈಕುಗಳಲ್ಲಿ ಆ ಮಿತಿ 160 ಮಾತ್ರ. ಮಿತಿ ಮೀರಿದರೆ ಹೆಚ್ಚಿದ ಬಲ ಫೋರ್ಕಿನ ಮೇಲೆ ಬೀಳುತ್ತದೆ. ಅದು ಮುರಿದರೆ ಸವಾರನಿಗೆ ಎರಡನೆಯ ಅವಕಾಶವಿಲ್ಲ. ಕ್ಯಾಲಿಪರನ್ನು ಹೊರಗೆ ಸರಿಸಲು ಸರಿಯಾದ ಅಳತೆಯ ಅಡಾಪ್ಟರ್ ಬೇಕು. ಹಬ್ಬಿಗೆ ರೋಟರನ್ನು ಆರು ತಿರುಪುಗಳಿಂದ ಬಿಗಿಯುತ್ತಾರೋ ಅಥವಾ ‘ಸೆಂಟರ್ ಲಾಕ್’ ಎಂಬ ಒಂದೇ ಬಳೆಯಿಂದಲೋ ಎಂದು ಕೊಳ್ಳುವ ಮೊದಲು ನೋಡಿಕೊಳ್ಳಬೇಕು. ಅಗ್ಗದ ಕೆಲವು ರೋಟರುಗಳ ಮೇಲೆ ರೆಸಿನ್ ಪ್ಯಾಡು ಮಾತ್ರ ಬಳಸಬೇಕೆಂಬ ಸೂಚನೆ ಇರುತ್ತದೆ. ಅವುಗಳಿಗೆ ಲೋಹದ ಪ್ಯಾಡು ಹಾಕಿದರೆ ತಟ್ಟೆ ಬೇಗನೆ ಸವೆದುಹೋಗುತ್ತದೆ. ಉಕ್ಕಿನ ಎರಡು ಪದರಗಳ ನಡುವೆ ಅಲ್ಯೂಮಿನಿಯಂ ಇಟ್ಟು ಶಾಖವನ್ನು ಬೇಗ ಹೊರಹಾಕುವ ದುಬಾರಿ ರೋಟರುಗಳೂ ದೊರೆಯುತ್ತವೆ. ಉದ್ದದ ಪರ್ವತದ ಇಳಿಜಾರುಗಳಲ್ಲಿ ಅವುಗಳಿಂದ ಉಪಯೋಗವುಂಟು. ಮನೆಯಿಂದ ಕಾಲೇಜಿಗೆ ಎರಡು ಮೈಲಿ ಓಡಿಸುವವನಿಗೆ ಮಧ್ಯಮ ಬೆಲೆಯ, ಒಂದು ಅಳತೆ ದೊಡ್ಡದಾದ, ಸಾಧಾರಣ ಉಕ್ಕಿನ ರೋಟರೇ ಸಾಕು.

ಇನ್ನೂ ಒಂದು ಸಂಗತಿಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಹೊಸ ರೋಟರು ಜೋಡಿಸಿದ ದಿನ ಬ್ರೇಕು ಹಳೆಯದಕ್ಕಿಂತ ದುರ್ಬಲವಾಗಿರುತ್ತದೆ. ಪ್ಯಾಡಿನ ಸೂಕ್ಷ್ಮ ಪದರವೊಂದು ತಟ್ಟೆಯ ಮೇಲೆ ಸಮನಾಗಿ ಅಂಟಿಕೊಂಡ ಮೇಲೆಯೇ ಪೂರ್ಣ ಹಿಡಿತ ಬರುವುದು. ಅದಕ್ಕಾಗಿ ವಾಹನಗಳಿಲ್ಲದ ಸಮತಟ್ಟಾದ ಜಾಗದಲ್ಲಿ ಸಾಧಾರಣ ವೇಗಕ್ಕೆ ಏರಿ, ಪೂರ್ತಿ ನಿಲ್ಲದೆ ನಡಿಗೆಯ ವೇಗಕ್ಕೆ ಇಳಿಯುವುದನ್ನು ಇಪ್ಪತ್ತು ಸಲವಾದರೂ ಮಾಡಬೇಕು. ಅಂಗಡಿಯಿಂದ ತಂದ ಸೈಕಲ್ಲನ್ನು ನೇರವಾಗಿ ಗುಡ್ಡದ ನೆತ್ತಿಗೆ ಒಯ್ಯುವುದು ಅಪಾಯಕಾರಿ. ಕಂಡುಕೇಳಿದ ಅಭ್ಯಾಸವಿಲ್ಲದವರು ಈ ಜೋಡಣೆಯನ್ನೆಲ್ಲ ಮೆಕ್ಯಾನಿಕನಿಗೆ ಒಪ್ಪಿಸುವುದೇ ಲೇಸು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ತಯಾರಕರಿಗಿಂತ ನಾವು ಬುದ್ಧಿವಂತರೇ, ಅವರು ಕೊಟ್ಟ ಅಳತೆಯನ್ನು ಏಕೆ ಬದಲಿಸಬೇಕು ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ತಯಾರಕರು ಒಂದು ಮಾದರಿಯನ್ನು ಸಾವಿರಾರು ಸವಾರರಿಗಾಗಿ, ಸಮತಟ್ಟಾದ ಕೇಂಬ್ರಿಡ್ಜ್ ಮತ್ತು ಗುಡ್ಡದ ಶೆಫೀಲ್ಡ್ ಎರಡಕ್ಕೂ ಸಲ್ಲುವಂತೆ ರೂಪಿಸಿರುತ್ತಾರೆ. ಅದೇ ಕಾರಣಕ್ಕೆ ಮಿತಿಯೊಳಗಿನ ದೊಡ್ಡ ಅಳತೆಗೆ ಅನುಮತಿಯನ್ನೂ ಅವರೇ ಕೊಟ್ಟಿರುತ್ತಾರೆ. ಟೈರು ಜಾರುವಷ್ಟು ಬಲ ಈಗಿನ ಬ್ರೇಕಿನಲ್ಲೇ ಇದೆಯಲ್ಲ ಎಂಬುದು ಇನ್ನೊಂದು ವಾದ. ಬಲಿಷ್ಠ ಕೈಯಿರುವವನಿಗೆ ಅದು ನಿಜವಿರಬಹುದು. ಹತ್ತು ಗಂಟೆಯ ಪಾಳಿ ಮುಗಿಸಿ, ಚಳಿಗೆ ಮರಗಟ್ಟಿದ ಬೆರಳುಗಳಿಂದ ಗುಡ್ಡವಿಳಿಯುವ ನರ್ಸಿಗೆ ಕಡಿಮೆ ಒತ್ತಡದಲ್ಲಿ ಅದೇ ಬಲ ದೊರೆಯುವುದು ದೊಡ್ಡ ಅನುಕೂಲ.

ನಮ್ಮವರಲ್ಲಿ ಬೇರೂರಿರುವ ಒಂದು ಭಯವನ್ನೂ ಇಲ್ಲಿ ಹೇಳಬೇಕು. ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸಿ ಬೀಳುತ್ತೇವೆಂದು ಚಿಕ್ಕಂದಿನಲ್ಲಿ ಕಲಿತವರು, ಇಲ್ಲಿಗೆ ಬಂದ ಮೇಲೂ ಹಿಂದಿನದನ್ನೇ ನಂಬಿರುತ್ತಾರೆ. ವೇಗ ಇಳಿಯುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇರುತ್ತದೆ. ಹಿಂದಿನದನ್ನು ಮಾತ್ರ ಅದುಮಿದರೆ ಚಕ್ರ ಜಾರುತ್ತದೆ, ಸೈಕಲ್ಲು ನಿಲ್ಲುವುದಿಲ್ಲ. ಮುಂದಿನದನ್ನು ತಟ್ಟನೆ ಹಿಡಿಯದೆ, ಮೈಯನ್ನು ಹಿಂದಕ್ಕೆ ಸರಿಸಿ, ಹಂತಹಂತವಾಗಿ ಅದುಮುವುದನ್ನು ರೂಢಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಬಲಗೈಯ ಹಿಡಿ ಮುಂದಿನ ಬ್ರೇಕಿನದು. ಯುರೋಪಿನ ಇತರ ದೇಶಗಳಿಂದ ಬಂದ ಹಳೆಯ ಸೈಕಲ್ಲಿನಲ್ಲಿ ಅದು ಎಡಗೈಗೆ ಇರಬಹುದು. ದೊಡ್ಡ ರೋಟರು ಹಾಕಿಸಿದವನು ಈ ಎರಡನ್ನೂ ಅರಿತಿರಲೇಬೇಕು, ಏಕೆಂದರೆ ಈಗ ಅವನ ಬೆರಳಿನಡಿ ಮೊದಲಿಗಿಂತ ಹೆಚ್ಚಿನ ಬಲವಿದೆ.

ವೈದ್ಯನಾಗಿ ನನಗೆ ಇದರಲ್ಲಿ ಕಾಣುವ ನಿಜವಾದ ಸಂಗತಿ ಬೇರೆಯದು. ಸೈಕಲ್ಲಿನಿಂದ ಬಿದ್ದವರು ನೆಲಕ್ಕೆ ಕೈಯೂರುತ್ತಾರೆ. ಮುರಿಯುವುದು ಮಣಿಕಟ್ಟು, ಇಲ್ಲವೇ ಕೊರಳೆಲುಬು. ಆರು ವಾರಗಳಲ್ಲಿ ಕೂಡಿಕೊಳ್ಳುವ ಮೂಳೆ ಎಂದು ನಾವು ವೈದ್ಯರು ಸಮಾಧಾನ ಹೇಳುತ್ತೇವೆ. ಸ್ವಂತ ಊರಿನಲ್ಲಿ ಆರು ವಾರ ಕಳೆಯುವುದಕ್ಕೆ ಅಮ್ಮನಿದ್ದಾಳೆ, ಅಕ್ಕನಿದ್ದಾಳೆ, ಪಕ್ಕದ ಮನೆಯವರಿದ್ದಾರೆ. ಇಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಗೆ ಒಂದು ಕೈಯಲ್ಲಿ ಅನ್ನ ಬೇಯಿಸಿಕೊಳ್ಳುವುದೂ ಕಷ್ಟ. ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿದು ಬಾಡಿಗೆ ಕಟ್ಟುವವನಿಗೆ ಆ ದುಡಿಮೆ ನಿಲ್ಲುತ್ತದೆ, ಪ್ರಬಂಧ ಒಪ್ಪಿಸುವ ದಿನಾಂಕ ಮಾತ್ರ ನಿಲ್ಲುವುದಿಲ್ಲ. ಬಿದ್ದ ವಿಷಯವನ್ನು ಮನೆಗೆ ತಿಳಿಸದೆ, ವಿಡಿಯೊ ಕರೆಯಲ್ಲಿ ಕೈಯನ್ನು ಮರೆಮಾಡಿ ಮಾತನಾಡುವ ಮಕ್ಕಳನ್ನು ನಾನು ಕಂಡಿದ್ದೇನೆ. ಹೆಲ್ಮೆಟ್ ಅಗತ್ಯ, ನಿಸ್ಸಂದೇಹ. ಆದರೆ ಅದರ ಕೆಲಸ ಆರಂಭವಾಗುವುದು ಬಿದ್ದ ಮೇಲೆ. ಬೀಳುವುದನ್ನೇ ತಪ್ಪಿಸುವ ಸಾಧನಗಳಲ್ಲಿ ಬ್ರೇಕಿಗೆ ಮೊದಲ ಸ್ಥಾನ.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ತರುಣ ತರುಣಿಯರು ನೆನಪಿಡಬೇಕಾದದ್ದಿಷ್ಟು. ಹಳೆಯ ಸೈಕಲ್ಲು ಕೊಳ್ಳುವಾಗ ಬಣ್ಣ, ಗೇರುಗಳ ಸಂಖ್ಯೆ ನೋಡುವ ಮುನ್ನ ಎರಡೂ ಬ್ರೇಕುಗಳನ್ನು ಹಿಡಿದು, ಸೈಕಲ್ಲನ್ನು ಮುಂದೆ ಹಿಂದೆ ತಳ್ಳಿ ನೋಡಿ. ಒಂದೊಂದೂ ಸ್ವತಂತ್ರವಾಗಿ ಹಿಡಿಯುವ ಎರಡು ಬ್ರೇಕುಗಳಿರಬೇಕೆಂಬುದು 1983ರ ನಿಯಮಾವಳಿಯ ಪ್ರಕಾರ ಇಲ್ಲಿನ ಕಾನೂನು. ಕೊಳ್ಳುವ ಬೆಲೆಯ ಜೊತೆಗೆ ಹೊಸ ಪ್ಯಾಡು ಮತ್ತು ಮೆಕ್ಯಾನಿಕನ ಒಂದು ತಪಾಸಣೆಯ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇಳಿಜಾರಿನಲ್ಲಿ ಬ್ರೇಕನ್ನು ಉದ್ದಕ್ಕೂ ಸವರುತ್ತ ಹೋಗಬೇಡಿ. ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಟ್ಟು ತಣಿಯಲು ಬಿಡಿ. ಅಷ್ಟಾದ ಮೇಲೂ ನಿಮ್ಮ ಊರಿನ ಗುಡ್ಡ ಬೇಡಿದರೆ ದೊಡ್ಡ ರೋಟರು ಹಾಕಿಸಿ. ಹಗುರವಾದ ಚಕ್ರಗಳು ಮುಂದಿನ ವರ್ಷಕ್ಕೆ ಕಾಯಲಿ.

ಊರಿನಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ಮಕ್ಕಳಿಗೆ ಕರೆ ಮಾಡಿದಾಗ ಊಟವಾಯಿತೇ, ಚಳಿಯಿದೆಯೇ ಎಂದು ಕೇಳುವುದರ ಜೊತೆಗೆ, ಸೈಕಲ್ಲಿನ ಬ್ರೇಕು ತೋರಿಸಿ ಎಷ್ಟು ದಿನವಾಯಿತು ಎಂದೂ ಕೇಳಿ. ಅದಕ್ಕೆಂದು ಅವರು ಹಣ ಕೇಳಿದರೆ, ಮೆಕ್ಯಾನಿಕ್ ಏನು ಹೇಳಿದ ಎಂದು ವಿಚಾರಿಸಿ, ಆಮೇಲೆ ಮನಸ್ಸು ಹಿಂಜರಿಯದೆ ಕಳುಹಿಸಿಕೊಡಿ.